ಹನ್ನೆರಡು ವೋಲ್ಟಿನ ನೀರು

ಮಲೆನಾಡಿನ ಮನೆಯ ಹಿತ್ತಿಲಿಗೆ ನೀರು ತಾನಾಗಿ ಬಂದು ಬೀಳುವುದು ಹೊಸ ಸಂಗತಿಯೇನಲ್ಲ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯ ಮೇಲೆ ಹರಿದು ಬಂದು ಬಚ್ಚಲಿನ ಹಿಂದೆ ಹಗಲಿರುಳು ಸುರಿಯುತ್ತಿದ್ದ ಅಬ್ಬಿಯ ನೀರಿಗೆ ಸ್ವಿಚ್ಚೂ ಇರಲಿಲ್ಲ, ಬಿಲ್ಲೂ ಇರಲಿಲ್ಲ. ದಬ್ಬೆಯ ಜಾಗಕ್ಕೆ ಕಪ್ಪು ಪೈಪು ಬಂದ ಮೇಲೂ ಲೆಕ್ಕ ಅದೇ ಆಗಿತ್ತು: ಮೇಲಿನ ನೀರು ಕೆಳಗೆ ಬರುತ್ತದೆ. ಬದಲಾದದ್ದು ಮನೆ. ಹಿತ್ತಿಲ ಬಚ್ಚಲು ಮನೆಯೊಳಗೆ ಬಂದಿದೆ, ಶೌಚಾಲಯ ಮಲಗುವ ಕೋಣೆಗೆ ಅಂಟಿಕೊಂಡಿದೆ, ಗೋಡೆಯ ಮೇಲೆ ಷವರ್ ಕುಳಿತಿದೆ. ‘ನೀರೇನೋ ಬರ್ತದೆ, ಫೋರ್ಸ್ ಇಲ್ಲ’ ಎಂಬ ದೂರು ಈಗ ಊರೂರಲ್ಲಿ ಕೇಳಿಬರುತ್ತದೆ. ಪೇಟೆಯ ಅಂಗಡಿಯಲ್ಲಿ ಈ ದೂರಿಗೆ ಇರುವುದು ಒಂದೇ ಮದ್ದು: ಅರ್ಧ ಎಚ್.ಪಿ.ಯ ಪ್ರೆಶರ್ ಪಂಪು. ವಿದ್ಯುತ್ ತಂತಿ ಇರುವ ಮನೆಗೆ ಅದು ಸರಿಹೋದೀತು. ಸೌರಫಲಕವನ್ನೂ ಬ್ಯಾಟರಿಯನ್ನೂ ನಂಬಿ ಬದುಕುವ ಮನೆಗೆ ಆ ಮದ್ದೇ ರೋಗವಾಗುತ್ತದೆ.

ಅಂಥ ಮನೆಗಳು ಇನ್ನೂ ಇವೆಯೇ ಎಂದು ಬಯಲುಸೀಮೆಯ ಓದುಗರು ಕೇಳಬಹುದು. ಇವೆ. ಕಣಿವೆಗೊಂದು, ದಿಬ್ಬಕ್ಕೊಂದು ಎಂಬಂತೆ ಚದುರಿದ ಒಂಟಿ ಮನೆಗಳಿಗೆ ಕಾಡಿನ ನಡುವೆ ಕಂಬ ನೆಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ದಾಟಬೇಕು. ಕಂಬ ನೆಟ್ಟ ಮನೆಗಳಲ್ಲಿಯೂ ಆಷಾಢದ ಗಾಳಿಗೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆಲ್ಲ ಬೆಳಕು ಹರಿದಾಗ, ಅದರ ಹಿನ್ನೀರಿನ ಅಂಚಿನ ಜನ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯ ಮುಂದೆ ಕುಳಿತಿದ್ದುದನ್ನು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ವಿದ್ಯುತ್ ತಂತಿ, ಕುಡಿಯುವ ನೀರಿನ ಕೊಳವೆ, ಅಸಾಂಪ್ರದಾಯಿಕ ಇಂಧನ ಮೊದಲಾದ ಸರ್ಕಾರಿ ಸೌಕರ್ಯಗಳಿಗೆ ಅರಣ್ಯಭೂಮಿ ನೀಡಲು ಅವಕಾಶ ಮಾಡಿಕೊಟ್ಟಿದೆ. ಷರತ್ತುಗಳು ಮೂರು: ಪ್ರತಿ ಪ್ರಕರಣದಲ್ಲಿ ಭೂಮಿ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಈ ಕಲಮನ್ನು ಬಳಸಿಕೊಳ್ಳುವ ಗ್ರಾಮಸಭೆಗಳು ಹೆಚ್ಚಬೇಕು; ಅದು ಬೇರೆಯೇ ಹೋರಾಟ. ಅಲ್ಲಿಯವರೆಗೆ ಮನೆ ನಡೆಯಬೇಕಲ್ಲ.

ಒತ್ತಡದ ನೀರು ಷೋಕಿ, ಕಾಡಿನ ನಡುವೆ ಬದುಕುವವರಿಗೆ ಅದೇಕೆ ಎಂಬ ಟೀಕೆಯೂ ಪರಿಸರಾಸಕ್ತರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಟೀಕಿಸುವವರಲ್ಲಿ ಹೆಚ್ಚಿನವರು ಒಂದು ಕೊಡ ನೀರನ್ನೂ ಸೊಂಟದಲ್ಲಿಟ್ಟು ಏರಿ ಹತ್ತಿದವರಲ್ಲ. ಬಾಣಂತಿ ಇರುವ ಮನೆ, ಮಂಡಿನೋವಿನ ಅಜ್ಜಿ ಇರುವ ಮನೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಲ್ಲಿ ನಲ್ಲಿ ತಿರುವಿದರೆ ನೀರು ಬರುವುದು ಅಗತ್ಯ. ಆದುದರಿಂದ ಒತ್ತಡ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಎಷ್ಟು ಬೇಕು, ಅದನ್ನು ಎಲ್ಲಿಂದ ತರಬೇಕು ಎಂದು ಕೇಳುವುದು ಉಪಯುಕ್ತ.

ಒತ್ತಡವೆಂದರೆ ಎತ್ತರ. 10 ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡವನ್ನು ಕೊಡುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ ರೈತರಿಗೆ ಈ ‘ಕೆ.ಜಿ.’ ಭಾಷೆ ಪರಿಚಿತವೇ. ಷವರ್‌ನಲ್ಲಿ ಸಮಾಧಾನವಾಗಿ ಮೀಯಲು ಅರ್ಧ ಕೆ.ಜಿ. ಒತ್ತಡ, ಎಂದರೆ ಷವರಿಗಿಂತ 5 ಮೀಟರ್ ಮೇಲಿನ ಟ್ಯಾಂಕು, ಧಾರಾಳವಾಯಿತು. ಅಡಿಗೆಮನೆಯ ನಲ್ಲಿಗೆ 2 ಮೀಟರ್ ಎತ್ತರವಿದ್ದರೂ ಪಾತ್ರೆ ತೊಳೆಯಬಹುದು. ಶೌಚಾಲಯದ ಫ್ಲಶ್ ಡಬ್ಬಿಗೆ ಒತ್ತಡದ ಅಗತ್ಯವೇ ಇಲ್ಲ. ಅದು ತುಂಬಿಕೊಂಡರೆ ಸಾಕು. ಬಚ್ಚಲಿನ ಹಂಡೆಗೂ ಹಾಗೆಯೇ. ಹೀಗಿರುವಾಗ ಮನೆಯ ಹಿಂದೆಯೇ ಗುಡ್ಡವಿರುವ ಕುಟುಂಬ, ಅದರ ಮೇಲೆ 7-8 ಮೀಟರ್ ಎತ್ತರದಲ್ಲೊಂದು ಟ್ಯಾಂಕು ಕಟ್ಟಿಸುವುದನ್ನು ಬಿಟ್ಟು ಪಂಪಿಗೆ ಹಣ ಕೊಡುವುದು ಅಂಗೈಯ ಬೆಣ್ಣೆ ಬಿಟ್ಟು ತುಪ್ಪ ಹುಡುಕಿದಂತೆ. ಎತ್ತರ ಅಳೆಯಲು ಯಾವ ದೊಡ್ಡ ಉಪಕರಣವೂ ಬೇಡ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬು ಮತ್ತು ಒಂದು ಗಳ ಇದ್ದರೆ ಶಾಲೆಯ ಮಕ್ಕಳೂ ಅರ್ಧ ಗಂಟೆಯಲ್ಲಿ ಅಳೆದು ಹೇಳಿಯಾರು.

‘ಟ್ಯಾಂಕು ಮೇಲೆಯೇ ಇದೆ, ಆದರೂ ಫೋರ್ಸ್ ಇಲ್ಲ’ ಎನ್ನುವವರು ಬಹಳ. ಇಲ್ಲಿ ಸಾಮಾನ್ಯವಾಗಿ ಕೊರತೆಯಿರುವುದು ಪೈಪಿನ ಗಾತ್ರಕ್ಕೆ. ಲೆಕ್ಕ ಹಾಕಿ ನೋಡಬಹುದು. ಒಂದು ಷವರ್ ಮತ್ತು ಒಂದು ನಲ್ಲಿಗಾಗಿ ನಿಮಿಷಕ್ಕೆ 12 ಲೀಟರ್ ನೀರು 50 ಮೀಟರ್ ದೂರದ ಟ್ಯಾಂಕಿನಿಂದ ಬರಬೇಕೆಂದಿರಲಿ. ಅರ್ಧ ಇಂಚಿನ ಪೈಪಿನಲ್ಲಿ ಬಂದರೆ ಗೋಡೆಯ ಘರ್ಷಣೆಯಲ್ಲಿಯೇ ಸುಮಾರು 5.5 ಮೀಟರ್ ಎತ್ತರದಷ್ಟು ಒತ್ತಡ ಕರಗುತ್ತದೆ. ಅದೇ ನೀರು 1 ಇಂಚಿನ ಪೈಪಿನಲ್ಲಿ ಬಂದರೆ ಕರಗುವುದು ಅರ್ಧ ಮೀಟರ್ ಮಾತ್ರ. ಗುಡ್ಡ ಕೊಟ್ಟ 7 ಮೀಟರಿನಲ್ಲಿ ಐದೂವರೆಯನ್ನು ಪೈಪು ನುಂಗಿದರೆ ಷವರಿಗೆ ಉಳಿಯುವುದೇನು? ನಲ್ಲಿ ಮುಚ್ಚಿದ್ದಾಗ ಒತ್ತಡಮಾಪಕ ಪೂರ್ತಿ 7 ಮೀಟರನ್ನೇ ತೋರಿಸುತ್ತದೆ, ತೆರೆದೊಡನೆ ಬಿದ್ದುಹೋಗುತ್ತದೆ. ಈ ಒಂದು ಲಕ್ಷಣದಿಂದಲೇ ದೋಷ ಪೈಪಿನದೆಂದು ತಿಳಿಯಬಹುದು. ಇಂಥ ಮನೆಗೆ ಬೇಕಾದುದು ಒಂದು ಸುರುಳಿ ಒಂದಿಂಚಿನ ಪೈಪು. ಅಂಗಡಿಯವರು ಇದನ್ನು ಹೇಳುವುದು ಅಪರೂಪ, ಏಕೆಂದರೆ ಗಿರಾಕಿ ಪಂಪು ಕೇಳುತ್ತ ಬಂದಿರುತ್ತಾನೆ.

ಗುಡ್ಡದ ನೆರವು ಎಲ್ಲರಿಗೂ ಇಲ್ಲ. ಮನೆ ದಿಬ್ಬದ ನೆತ್ತಿಯಲ್ಲಿದ್ದು ಬಾವಿ ಕೆಳಗಿರಬಹುದು. ಅಂಥಲ್ಲಿ ಎರಡು ಕೆಲಸಗಳಿವೆ: ನೀರನ್ನು ಮೇಲಕ್ಕೆತ್ತುವುದು ಒಂದು, ಮೇಲಿದ್ದ ನೀರಿಗೆ ಒತ್ತಡ ಕೊಡುವುದು ಇನ್ನೊಂದು. ಇವೆರಡನ್ನೂ ಒಂದೇ ಪಂಪಿನಿಂದ ಮಾಡಿಸಹೊರಟವರೇ ಹೆಚ್ಚಾಗಿ ಕೈಸುಟ್ಟುಕೊಂಡವರು. ಎತ್ತುವ ಕೆಲಸಕ್ಕೆ ಅವಸರವಿಲ್ಲ. ಬಿಸಿಲಿರುವ ಹೊತ್ತಿನಲ್ಲಿ, ಬ್ಯಾಟರಿಯ ಹಂಗಿಲ್ಲದೆ, ನೇರ ಸೌರಫಲಕದಿಂದ ಓಡುವ ಸಣ್ಣ ಪಂಪು ಮೆಲ್ಲಗೆ ಎತ್ತಿದರಾಯಿತು. ದಿನಕ್ಕೆ 300 ಲೀಟರ್ ನೀರನ್ನು 15 ಮೀಟರ್ ಮೇಲೆತ್ತಲು, ಪಂಪಿನ ದಕ್ಷತೆ ಶೇ. 30ರಷ್ಟೇ ಎಂದುಕೊಂಡರೂ, ಬೇಕಾಗುವುದು ಸುಮಾರು 40 ವಾಟ್-ಗಂಟೆ ಶಕ್ತಿ. ಮನೆಯ ಕೆಳಗೆ ವರ್ಷವಿಡೀ ಹರಿಯುವ ಹಳ್ಳವಿದ್ದರೆ ಅದೂ ಬೇಡ, ಹೈಡ್ರಾಂ ಸಾಕು. 1796ರಲ್ಲಿ ಫ್ರಾನ್ಸಿನ ಮೊಂಗೊಲ್ಫಿಯೆ ರೂಪಿಸಿದ ಈ ಯಂತ್ರ ಬೀಳುವ ನೀರಿನ ಬಲದಿಂದಲೇ ಸ್ವಲ್ಪ ನೀರನ್ನು ಮೇಲಕ್ಕೆ ತಳ್ಳುತ್ತದೆ. ನಿಮಿಷಕ್ಕೆ 60 ಲೀಟರ್ ನೀರು 2 ಮೀಟರ್ ಬೀಳುವಲ್ಲಿ ಅದರಿಂದ 10 ಮೀಟರ್ ಮೇಲಕ್ಕೆ ನಿಮಿಷಕ್ಕೆ 7 ಲೀಟರಿನಷ್ಟು ಏರಿಸಬಹುದು. ದಿನಕ್ಕೆ 10,000 ಲೀಟರ್! ಟಕ್ ಟಕ್ ಎಂದು ಬಡಿದುಕೊಳ್ಳುವ ಈ ಕಬ್ಬಿಣದ ಮುದುಕನನ್ನು ಮಲೆನಾಡು ಏಕೆ ಮರೆಯಿತೋ ತಿಳಿಯದು.

ಎತ್ತಿದ ನೀರನ್ನು ಇಡಲು ಎತ್ತರದ ಜಾಗವಿಲ್ಲದಾಗ ಮಾತ್ರ ಒತ್ತಡದ ಪಂಪಿನ ಸರದಿ. 500 ಲೀಟರ್ ನೀರೆಂದರೆ ಅರ್ಧ ಟನ್ ಭಾರ. ಹಂಚಿನ ಮಾಡಿನ ತೊಲೆಗಳು ಅದನ್ನು ಹೊರುವಂಥವಲ್ಲ. ಮಳೆಗಾಳಿಗೆ ಅಳ್ಳಾಡದ ಎತ್ತರದ ಕಂಬದ ಮೇಲೆ ಟ್ಯಾಂಕು ನಿಲ್ಲಿಸುವುದು ಬಡಕುಟುಂಬಕ್ಕೆ ಭಾರವೇ. ಟ್ಯಾಂಕು ಅಂಗಳದ ಮಟ್ಟದಲ್ಲಿಯೇ ಉಳಿಯುವ ಈ ಬಗೆಯ ಮನೆಗಳಿಗೆ ಕಡಿಮೆ ವೋಲ್ಟೇಜಿನ, 12 ಅಥವಾ 24 ವೋಲ್ಟಿನ, ಪೊರೆ ಪಂಪು ತಕ್ಕ ಯಂತ್ರ. ಏಕೆ ತಕ್ಕದು ಎಂಬುದನ್ನು ಅಂಕಿಗಳೇ ಹೇಳುತ್ತವೆ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಗ್ರಾಮೀಣ ಮನೆಗಳಿಗೆ ತಲೆಯೊಂದಕ್ಕೆ ದಿನಕ್ಕೆ 55 ಲೀಟರ್ ನೀರೆಂದು ಲೆಕ್ಕ ಹಿಡಿದಿದೆ. ಐದು ಜನರ ಮನೆಗೆ 275, ಇರಲಿ 300 ಲೀಟರ್. ಈ 300 ಲೀಟರನ್ನೂ ಒಂದೂವರೆ ಕೆ.ಜಿ. ಒತ್ತಡದಲ್ಲಿ, ನಿಮಿಷಕ್ಕೆ 10 ಲೀಟರಿನಂತೆ ನಲ್ಲಿಗೆ ಕಳಿಸಬೇಕೆಂದರೆ ನೀರಿಗೆ ಬೇಕಾದ ಬಲ 25 ವಾಟ್. ಪಂಪಿನ ದಕ್ಷತೆ ಶೇ. 40 ಎಂದರೆ ಬ್ಯಾಟರಿಯಿಂದ ಎಳೆಯುವುದು ಸುಮಾರು 62 ವಾಟ್, 12 ವೋಲ್ಟಿನಲ್ಲಿ 5 ಆಂಪಿಯರಿಗೆ ಸ್ವಲ್ಪ ಹೆಚ್ಚು. ದಿನಕ್ಕೆ ಅರ್ಧ ಗಂಟೆ ಓಡಿದರೆ 31 ವಾಟ್-ಗಂಟೆ. 9 ವಾಟಿನ ಒಂದು ಎಲ್‌ಇಡಿ ಬಲ್ಬು ಮೂರೂವರೆ ಗಂಟೆ ಉರಿದಷ್ಟು!

ಇದರ ಪಕ್ಕದಲ್ಲಿ ಪೇಟೆಯ ಅರ್ಧ ಎಚ್.ಪಿ. ಪಂಪನ್ನು ಇಟ್ಟು ನೋಡಬೇಕು. ಅದು ಓಡುವಾಗ 500-600 ವಾಟ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಇನ್ವರ್ಟರ್ ಮೂಲಕ 12 ವೋಲ್ಟಿನ ಬ್ಯಾಟರಿಯ ಮೇಲೆ ಅದರ ಹೊರೆ 50 ಆಂಪಿಯರಿಗೂ ಮಿಕ್ಕುತ್ತದೆ. ಪ್ರತಿ ಸಲ ಕೈ ತೊಳೆಯುವಾಗಲೂ ಬ್ಯಾಟರಿಗೆ ಹೀಗೊಂದು ಗುದ್ದು ಬಿದ್ದರೆ ಅದು ಎಷ್ಟು ವರ್ಷ ಬಾಳೀತು? ಅದಕ್ಕಿಂತ ದೊಡ್ಡ ಸೋರಿಕೆ ಕಣ್ಣಿಗೆ ಕಾಣದು. ನಲ್ಲಿ ಯಾವಾಗ ತೆರೆಯುತ್ತದೋ ತಿಳಿಯದ ಕಾರಣ ಇನ್ವರ್ಟರನ್ನು ಇಡೀ ದಿನ ಎಚ್ಚರವಾಗಿಡಬೇಕಾಗುತ್ತದೆ. ಸಾಧಾರಣ ಇನ್ವರ್ಟರ್ ಕೆಲಸವಿಲ್ಲದೆ ನಿಂತಾಗಲೂ 10ರಿಂದ 20 ವಾಟ್ ತಿನ್ನುತ್ತದೆ. 24 ಗಂಟೆಗೆ 240ರಿಂದ 480 ವಾಟ್-ಗಂಟೆ. ನೀರೊತ್ತುವುದಕ್ಕೆ 31 ಸಾಕಾಗುವಲ್ಲಿ, ಕಾಯುವುದಕ್ಕೇ 240! ಮಳೆಗಾಲದ ಮೋಡದಡಿಯಲ್ಲಿ 100 ವಾಟಿನ ಫಲಕ ದಿನವಿಡೀ ದುಡಿದರೂ ಈ ಕಾವಲುಗಾರನ ಕೂಲಿ ಹುಟ್ಟದ ದಿನಗಳಿವೆ. 12 ವೋಲ್ಟಿನ ಪಂಪಿಗೆ ಈ ಕಾವಲೇ ಬೇಡ. ನಲ್ಲಿ ಮುಚ್ಚಿದಾಗ ಅದರ ಖರ್ಚು ಸೊನ್ನೆ.

ಪೊರೆ ಪಂಪು ಮಲೆನಾಡಿಗೆ ಅಪರಿಚಿತವೂ ಅಲ್ಲ. ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಹೊಟ್ಟೆಯಲ್ಲಿರುವುದು ಇದರ ತಮ್ಮನೇ. ಮೋಟಾರು ತಿರುಗಿದಂತೆ ರಬ್ಬರಿನ ಪೊರೆ ಹಿಂದೆ ಮುಂದೆ ಸರಿದು ಒಂದು ಕವಾಟದಿಂದ ನೀರನ್ನು ಎಳೆದು ಇನ್ನೊಂದರಿಂದ ದೂಡುತ್ತದೆ. ನಲ್ಲಿ ಮುಚ್ಚಿದಾಗ ಪೈಪಿನಲ್ಲಿ ಒತ್ತಡ ಏರಿ, ಪಂಪಿನ ತಲೆಯಲ್ಲಿರುವ ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ನಲ್ಲಿ ತೆರೆದು ಒತ್ತಡ ಇಳಿದಾಗ ಮತ್ತೆ ಓಡಿಸುತ್ತದೆ. ಟ್ಯಾಂಕು ಖಾಲಿಯಾಗಿ ಸ್ವಲ್ಪ ಹೊತ್ತು ಒಣಗಿ ಓಡಿದರೂ ಇತರ ಪಂಪುಗಳಂತೆ ಕೂಡಲೇ ಕೆಡುವುದಿಲ್ಲ. ಈ ನಂಟಸ್ತಿಕೆಯನ್ನು ಕಂಡುಕೊಂಡು ಹಳೆಯ ಸ್ಪ್ರೇಯರಿನ ಪಂಪನ್ನೇ ಬಿಚ್ಚಿ ಅಡಿಗೆಮನೆಗೆ ಜೋಡಿಸುವ ಜಾಣರೂ ಇದ್ದಾರೆ. ಇದು ಸರ್ವಥಾ ಸಲ್ಲದು. ಕೀಟನಾಶಕ, ಕಳೆನಾಶಕ ಹಾದುಹೋದ ರಬ್ಬರು ಎಷ್ಟು ತೊಳೆದರೂ ಶುದ್ಧವಾಗುವುದಿಲ್ಲ. ಹೊಸದಾಗಿಯೇ ಕೊಳ್ಳಬೇಕು, ಅದೂ ಕುಡಿಯುವ ನೀರಿಗೆ ತಕ್ಕದ್ದೆಂದು ತಯಾರಕರು ನಮೂದಿಸಿರುವುದನ್ನು.

ಕೊಳ್ಳುವಾಗ ಎಚ್.ಪಿ. ಕೇಳುವ ಅಭ್ಯಾಸವನ್ನು ಬಿಟ್ಟು ನಾಲ್ಕು ಅಂಕಿಗಳನ್ನು ಕೇಳಬೇಕು: ನಿಮಿಷಕ್ಕೆಷ್ಟು ಲೀಟರ್, ಯಾವ ಒತ್ತಡದಲ್ಲಿ ನಿಲ್ಲುತ್ತದೆ, ಪೂರ್ಣ ಹೊರೆಯಲ್ಲಿ ಎಷ್ಟು ಆಂಪಿಯರ್, ಬಿಡುವಿಲ್ಲದೆ ಎಷ್ಟು ಹೊತ್ತು ಓಡಬಹುದು. ಹೆಸರುಪಟ್ಟಿಯ ಮೇಲಿನ ಲೀಟರಿನ ಅಂಕಿ ಸಾಮಾನ್ಯವಾಗಿ ಎದುರೊತ್ತಡವಿಲ್ಲದೆ ಬಾಯಿಬಿಟ್ಟು ಓಡುವಾಗಿನದು. ಒತ್ತಡ ಏರಿದಂತೆ ಅದು ಇಳಿಯುತ್ತದೆ. ಒಂದು ಷವರ್ ಮತ್ತು ಒಂದು ನಲ್ಲಿಯ ಮನೆಗೆ ನಿಮಿಷಕ್ಕೆ 10-12 ಲೀಟರಿನ ಪಂಪು ಸಾಕು. ಇಂಥ ಪಂಪುಗಳು ಹೆಚ್ಚಾಗಿ 40 ಪಿಎಸ್‌ಐ, ಅಂದರೆ 2.8 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುವಂತೆ ಬರುತ್ತವೆ. 28 ಮೀಟರ್ ಎತ್ತರದ ಟ್ಯಾಂಕಿಗೆ ಸಮನಾದ ಈ ಒತ್ತಡ ಮನೆಗೆ ಅತಿಯಾಯಿತು. ಸ್ವಿಚ್ಚಿನಲ್ಲಿ ಹೊಂದಿಸುವ ಸ್ಕ್ರೂ ಇದ್ದರೆ ಇಳಿಸಿಕೊಳ್ಳುವುದು ಲೇಸು: ಒತ್ತಡ ನಾಲ್ಕು ಪಟ್ಟಾದರೆ ಅದೇ ನಲ್ಲಿಯಿಂದ ಬೀಳುವ ನೀರು ಎರಡು ಪಟ್ಟಾಗುತ್ತದೆ, ಶುಚಿಯಾಗುವ ಕೈ ಮಾತ್ರ ಅದೇ. ಮತ್ತೆ, ಇದನ್ನು ತೋಟಕ್ಕೆ ನೀರು ಬಿಡಲು ಬಳಸಬಾರದು. ಗಂಟೆಗಟ್ಟಲೆ ಓಡಿದರೆ ಮೋಟಾರು ಕಾಯ್ದು ಸುಡುತ್ತದೆ.

ಇಷ್ಟೆಲ್ಲ ನೋಡಿ ತಂದ ಪಂಪು ಮನೆಯಲ್ಲಿ ಗೊರಗುಟ್ಟಿ ನಿಂತರೆ ತಪ್ಪು ಬಹುತೇಕ ತಂತಿಯದು. 230 ವೋಲ್ಟಿನ ಲೋಕದಲ್ಲಿ ಬೆಳೆದ ಎಲೆಕ್ಟ್ರಿಷಿಯನ್ನರು 12 ವೋಲ್ಟಿಗೂ ಅದೇ ತೆಳು ತಂತಿ ಎಳೆಯುತ್ತಾರೆ. ಬ್ಯಾಟರಿ ಜಗುಲಿಯಲ್ಲಿ, ಪಂಪು 20 ಮೀಟರ್ ಆಚೆ ಬಚ್ಚಲಲ್ಲಿ ಎಂದಾದರೆ ಹೋಗಿಬರುವ ತಂತಿಯ ಉದ್ದ 40 ಮೀಟರ್. 5 ಆಂಪಿಯರ್ ಹರಿಯುವಾಗ 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 3.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 12ರಲ್ಲಿ ಮೂರೂವರೆ ಹೋದರೆ ಪಂಪಿಗೆ ಉಳಿಯುವುದು ಎಂಟೂವರೆ! 2.5 ಚದರ ಮಿ.ಮೀ. ತಂತಿಯಲ್ಲಿ ನಷ್ಟ ಒಂದೂವರೆ ವೋಲ್ಟ್, 6 ಚದರ ಮಿ.ಮೀ.ಯಲ್ಲಿ 0.6 ವೋಲ್ಟ್. ದಪ್ಪ ತಾಮ್ರ ದುಬಾರಿ. ಇದಕ್ಕೆ ಸುಲಭವಾದ ಉಪಾಯವೆಂದರೆ ವಿದ್ಯುತ್ತನ್ನು ನೀರಿನ ಬಳಿಗೆ ಒಯ್ಯುವ ಬದಲು ನೀರನ್ನೇ ಬ್ಯಾಟರಿಯ ಬಳಿಗೆ ತರುವುದು, ಪೈಪು ಅಗ್ಗ. ಟ್ಯಾಂಕೂ ಪಂಪೂ ಬ್ಯಾಟರಿಗೆ ಸಮೀಪದಲ್ಲಿದ್ದು, ಅಲ್ಲಿಂದ ಮುಂದೆ ಮುಕ್ಕಾಲು ಅಥವಾ ಒಂದಿಂಚಿನ ಪೈಪು ಬಚ್ಚಲಿಗೆ ಹೋಗಲಿ. ದೂರ ತಪ್ಪದು ಎನ್ನುವವರು 24 ವೋಲ್ಟಿಗೆ ಹೋಗುವುದು ಒಳ್ಳೆಯದು. ಅದರಲ್ಲಿ ಹರಿಯುವ ವಿದ್ಯುತ್ ಅರ್ಧಕ್ಕಿಳಿಯುತ್ತದೆ, ಶೇಕಡಾವಾರು ನಷ್ಟ ಕಾಲುಭಾಗಕ್ಕೆ. ಬ್ಯಾಟರಿಯ ಬುಡದಲ್ಲೇ 10 ಆಂಪಿಯರಿನ ಫ್ಯೂಸು ಇರಲೇಬೇಕು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲವೆಂಬ ಸಲಿಗೆಯಿಂದ ಫ್ಯೂಸು ಬಿಟ್ಟ ಮನೆಗಳಲ್ಲಿ, ಇಲಿ ಕಡಿದ ತಂತಿಯೊಂದು ಸೋಗೆಯ ಮಾಡಿಗೆ ಬೆಂಕಿ ಹಚ್ಚಲು ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿಯಿರುತ್ತದೆ.

ಮಳೆಗಾಲದಲ್ಲಿ ಹಳ್ಳದ ನೀರಿನಿಂದ ಕಿರು ಟರ್ಬೈನ್ ತಿರುಗಿಸಿ ವಿದ್ಯುತ್ ಪಡೆಯುವ ಮನೆಯವರು ತಮಗೆ 230 ವೋಲ್ಟಿನ ಪಂಪೇ ಸಾಕೆನ್ನುತ್ತಾರೆ. ಟರ್ಬೈನ್ ತಿರುಗುವಷ್ಟು ಕಾಲ ಅದು ನಿಜವೂ ಹೌದು. ಬೇಸಿಗೆಗೆ ಮೊದಲೇ ಹಳ್ಳ ಸೊರಗಿ ಟರ್ಬೈನ್ ನಿಂತಾಗ ಪಂಪೂ ನಿಲ್ಲುತ್ತದೆ. ಮಳೆಗಾಲದ ಹಳ್ಳ, ಬೇಸಿಗೆಯ ಬಿಸಿಲು ಎರಡೂ ತುಂಬಬಲ್ಲ ಬ್ಯಾಟರಿಯೇ ವರ್ಷಪೂರ್ತಿಯ ಕಣಜ. ಪಂಪನ್ನು ಅದಕ್ಕೆ ಹೊಂದಿಸಿಕೊಳ್ಳುವುದು ವಿವೇಕ.

ಪಂಪಿನ ಜೊತೆಗೆ ಗಾಳಿಚೀಲವಿರುವ ಸಣ್ಣ ಒತ್ತಡದ ಟ್ಯಾಂಕನ್ನೂ ಜೋಡಿಸಿದರೆ ಎರಡರ ಆಯುಸ್ಸೂ ಹೆಚ್ಚುತ್ತದೆ. 20 ಲೀಟರಿನ ಟ್ಯಾಂಕಿನಲ್ಲಿ, ಪಂಪು ನಿಂತು ಮತ್ತೆ ಹೊರಡುವುದರೊಳಗೆ ಸುಮಾರು 5 ಲೀಟರ್ ನೀರು ಸಿಗುತ್ತದೆ. ನಡುರಾತ್ರಿ ಎದ್ದವರು ಕೈಕಾಲು ತೊಳೆದು ಮಲಗಿದರೂ ಪಂಪು ಏಳುವುದಿಲ್ಲ, ಮಗುವೂ ಏಳುವುದಿಲ್ಲ. ಚೀಲದ ಗಾಳಿ, ಪಂಪು ಹೊರಡುವ ಒತ್ತಡಕ್ಕಿಂತ ತುಸು ಕಡಿಮೆಯಿರಬೇಕು. ಸೈಕಲ್ ಪಂಪಿನಿಂದ ತುಂಬಬಹುದು. ಯಾರೂ ನೀರು ಬಳಸದ ಹೊತ್ತಿನಲ್ಲಿ ಪಂಪು ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮನೆಗೆ ಬೀಗ ಹಾಕಿ ಮದುವೆಮನೆಗೆ ಹೊರಟವರು ಪಂಪಿನ ಸ್ವಿಚ್ಚು ಆರಿಸಿ ಹೋಗಬೇಕು. ಒಂದು ಪೈಪು ಬಿಚ್ಚಿಕೊಂಡರೆ ಟ್ಯಾಂಕಿನ ನೀರು, ಬ್ಯಾಟರಿ ಎರಡೂ ಬರಿದಾಗಿರುತ್ತವೆ.

ಹಳ್ಳದ ನೀರೆಂದ ಮೇಲೆ ಕೊಳೆತ ಎಲೆ, ಮರಳು, ಗೊದಮೊಟ್ಟೆ, ಕೆಲವೊಮ್ಮೆ ಏಡಿಮರಿ. ಪೊರೆ ಪಂಪಿನ ಕವಾಟದಲ್ಲಿ ಒಂದು ಕಡ್ಡಿಯ ಚೂರು ಸಿಕ್ಕರೆ ಒತ್ತಡ ಏರುವುದೇ ಇಲ್ಲ, ಮೋಟಾರು ನಿಲ್ಲುವುದೂ ಇಲ್ಲ. ಪಂಪಿನ ಮುಂದೆ ಬಿಚ್ಚಿ ತೊಳೆಯಬಹುದಾದ ಜಾಲರಿ ಕಡ್ಡಾಯ. ಹಳೆಯ ಪೈಪುಗಳನ್ನೂ ನೋಡಿಕೊಳ್ಳಬೇಕು: ತೋಟದಿಂದ ಉಳಿದ 2.5 ಕೆ.ಜಿ. ದರ್ಜೆಯ ಕಪ್ಪು ಪೈಪನ್ನು 2.8 ಕೆ.ಜಿ.ಗೆ ನಿಲ್ಲುವ ಪಂಪಿಗೆ ಜೋಡಿಸಿದರೆ ಒಂದಲ್ಲ ಒಂದು ದಿನ ಒಡೆಯುತ್ತದೆ. ಮಾಡಿನ ಮೇಲೆ ಸೌರ ನೀರೊಲೆ ಇರುವವರಿಗೆ ಇನ್ನೊಂದು ಎಚ್ಚರಿಕೆ. ಗಾಜಿನ ಕೊಳವೆಯ, ಒತ್ತಡ ತಾಳದ ಬಗೆಯ ನೀರೊಲೆಗೆ ಪಂಪಿನ ನೀರನ್ನು ನೇರವಾಗಿ ಕೊಡಬಾರದು. ಅದರ ಟ್ಯಾಂಕು ಉಬ್ಬಿ ಸೋರುತ್ತದೆ.

ಇಲ್ಲಿಯವರೆಗಿನದು ಒಂದು ಮನೆಯ ಲೆಕ್ಕ. ಮಲೆನಾಡಿನಲ್ಲಿ ನೀರು ಒಂದು ಮನೆಯದಲ್ಲ. ಒಂದು ಒರತೆ, ಅದರಿಂದ ಒಂದು ಪೈಪು, ದಾರಿಯಲ್ಲಿ ನಾಲ್ಕೈದು ಮನೆಗಳಿಗೆ ಕವಲು; ಎಷ್ಟೋ ಕೇರಿಗಳ ವ್ಯವಸ್ಥೆ ಹೀಗೆಯೇ ಇದೆ. ಕಾಗದಪತ್ರವಿಲ್ಲ, ಮೀಟರಿಲ್ಲ. ಅಜ್ಜಂದಿರ ಕಾಲದ ಬಾಯಿಮಾತಿನ ಮೇಲೆ ನಡೆದು ಬಂದಿದೆ. ಈ ಬಾಯಿಮಾತನ್ನು ಮುರಿಯಲು ಯಾವ ದೊಡ್ಡ ಯೋಜನೆಯೂ ಬೇಕಾಗಿಲ್ಲ, ಕೈಯಲ್ಲಿ ಎತ್ತಿ ತರಬಹುದಾದ ಒಂದು ಪಂಪು ಸಾಕು. ಏಪ್ರಿಲಿನಲ್ಲಿ ಆ ಪೈಪಿನಲ್ಲಿ ಬರುವುದು ನಿಮಿಷಕ್ಕೆ ಎರಡೋ ಮೂರೋ ಲೀಟರ್. ಕವಲಿಗೆ ನೇರವಾಗಿ ಪಂಪು ಜೋಡಿಸಿದ ಮನೆ ನಿಮಿಷಕ್ಕೆ ಹತ್ತು ಲೀಟರ್ ಎಳೆಯಲು ನೋಡುತ್ತದೆ. ಪೈಪಿನಲ್ಲಿದ್ದುದೆಲ್ಲ ಅತ್ತ ಹೋಗುತ್ತದೆ; ಉಳಿದ ಮನೆಗಳ ನಲ್ಲಿಗಳು ಗಾಳಿ ಉಗುಳುತ್ತವೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಎಳೆತಕ್ಕೆ ಪೈಪಿನೊಳಗೆ ಒತ್ತಡ ಕುಸಿದಾಗ, ಸಡಿಲವಾದ ಪ್ರತಿಯೊಂದು ಕೂಡಿನಿಂದಲೂ ಹೊರಗಿನ ಕೆಸರು ನೀರು ಒಳಸೇರುತ್ತದೆ. ಕೊಟ್ಟಿಗೆಯ ಪಕ್ಕದಲ್ಲಿ ಹಾದುಹೋಗುವ ಪೈಪಾದರೆ ಆ ನೀರು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲು ಪಂಪು ತಂದವರನ್ನು ನೋಡಿ ಎರಡನೆಯವರು ಇನ್ನೂ ದೊಡ್ಡದನ್ನು ತರುತ್ತಾರೆ. ದಾಯಾದಿಗಳ ನಡುವೆ ಬೇಲಿಯ ಜಗಳಕ್ಕೆ ಪೈಪಿನ ಜಗಳವೂ ಸೇರಿಕೊಳ್ಳುತ್ತದೆ, ಬೇಸಿಗೆ ಮುಗಿಯುವುದರೊಳಗೆ ಪೈಪು ಕಡಿಯುವ ಮಟ್ಟಕ್ಕೆ ಹೋಗುತ್ತದೆ. ಪಂಪು ನೀರನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಯಾರ ಕಡೆಗೆ ಹರಿಸಬೇಕೆಂದು ತೀರ್ಮಾನಿಸುತ್ತದೆ ಅಷ್ಟೇ. ಹಾಗಾಗಿ ಊರು ಒಪ್ಪಬೇಕಾದ ನಿಯಮ ಒಂದೇ ಒಂದು: ಹಂಚಿಕೆಯ ಪೈಪಿಗೆ ಯಾರೂ ಪಂಪು ಮುಟ್ಟಿಸಕೂಡದು. ಪೈಪಿನ ನೀರು ತಾನಾಗಿ ಮನೆಯ ಟ್ಯಾಂಕಿಗೆ ಬೀಳಲಿ. ಪಂಪು ಆ ಟ್ಯಾಂಕಿನಿಂದ ಮಾತ್ರ ಎಳೆಯಲಿ.

ಹೀಗೆ ಮಾಡಿದರೆ ನೀರು ಸಾಕಾಗುವುದೇ ಎಂಬ ಅಳುಕು ಸಹಜ. ನಿಮಿಷಕ್ಕೆ 1 ಲೀಟರ್ ಮಾತ್ರ ಕೊಡುವ ಬಡ ಒರತೆಯೂ ದಿನಕ್ಕೆ 1,440 ಲೀಟರ್ ಕೊಡುತ್ತದೆ. ತಲೆಗೆ 55 ಲೀಟರಿನ ಲೆಕ್ಕದಲ್ಲಿ ಐದು ಜನರ ಐದು ಮನೆಗಳಿಗೆ 1,375. ಕೇವಲ ಕುಡಿಯಲು, ಅಡುಗೆಗೆ, ಮೀಯಲು ಎಂದರೆ ಸಾಲುತ್ತದೆ. ತೋಟ, ದನಕರುಗಳ ಲೆಕ್ಕ ಇದರಲ್ಲಿ ಇಲ್ಲ. ಆದರೆ ಆ 1,440ರಲ್ಲಿ ದೊಡ್ಡ ಪಾಲು ಬರುವುದು ಎಲ್ಲರೂ ಮಲಗಿರುವ ಹೊತ್ತಿನಲ್ಲಿ. ಬೆಳಿಗ್ಗೆ ಆರಕ್ಕೆ ಐದೂ ಮನೆಗಳು ನಲ್ಲಿ ತಿರುವಿದಾಗ ಕಾಣುವ ಕೊರತೆ ಹುಟ್ಟುವುದು ರಾತ್ರಿಯ ನೀರನ್ನು ಹಿಡಿದಿಡದ ಕಾರಣ. ಪಂಪಿಗಿಂತ ಮೊದಲು ಪ್ರತಿ ಮನೆಗೂ 500 ಲೀಟರಿನ ಟ್ಯಾಂಕು ಬೇಕು ಎನ್ನುವುದು ಇದಕ್ಕೇ. ಅರಣ್ಯ ಹಕ್ಕು ಸಮಿತಿ, ಸ್ವಸಹಾಯ ಸಂಘ, ಹಾಲಿನ ಡೇರಿ, ಯಾವ ಹೆಸರಿನಲ್ಲಾದರೂ ಕೇರಿಯವರು ಒಟ್ಟಾಗಿ ಟ್ಯಾಂಕುಗಳನ್ನು ಒಂದೇ ಬಾರಿಗೆ ತರಿಸಿಕೊಂಡರೆ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ.

ಒರತೆಯನ್ನು ಅಳೆಯುವ ಕೆಲಸವನ್ನು ಈ ಬೇಸಿಗೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು. ಒಂದು ಕೊಡ, ಒಂದು ಗಡಿಯಾರ ಸಾಕು. ಏಪ್ರಿಲ್ ಕೊನೆಯ ವಾರ, ಮೇ ಮೊದಲ ಮತ್ತು ಮೂರನೆಯ ವಾರ, ಹೀಗೆ ಮೂರು ಸಲ ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ, ಒರತೆಯ ಹತ್ತಿರದ ಬಂಡೆಯ ಮೇಲೋ ಟ್ಯಾಂಕಿನ ಗೋಡೆಯ ಮೇಲೋ ಬಣ್ಣದಲ್ಲಿ ಬರೆದಿಡಬೇಕು, ಇಸವಿಯ ಸಹಿತ. ಮುಂದಿನ ವರ್ಷದವರಿಗೆ ಹೋಲಿಸಲು ಒಂದು ಅಂಕಿ ಸಿಗುತ್ತದೆ, ಒರತೆಯ ಮೇಲ್ಭಾಗದ ಸೊಪ್ಪಿನಬೆಟ್ಟ ಬೋಳಾದಂತೆ ಆ ಅಂಕಿ ಏನಾಗುತ್ತದೆ ಎಂಬುದೂ ಕಾಣುತ್ತದೆ. ಮನೆಮನೆಯ ಟ್ಯಾಂಕಿಗೆ ತೇಲುಗುಂಡಿನ ಕವಾಟ ಹಾಕಿಸುವಾಗ ಇನ್ನೊಂದು ಮಾತನ್ನು ಮರೆಯಬಾರದು. ಹಿಂದೆ ಹಗಲಿರುಳು ಸುರಿಯುತ್ತಿದ್ದ ಅಬ್ಬಿಯ ನೀರು ಪೋಲಾಗುತ್ತಿರಲಿಲ್ಲ; ಬಸಿಗಾಲುವೆ ಹಿಡಿದು ತೋಟಕ್ಕೆ, ಅಲ್ಲಿಂದ ಮತ್ತೆ ಹಳ್ಳಕ್ಕೆ ಸೇರುತ್ತಿತ್ತು. ಟ್ಯಾಂಕುಗಳೆಲ್ಲ ತುಂಬಿ ಕವಾಟಗಳು ಮುಚ್ಚಿದ ಮೇಲೆ ಉಳಿದ ನೀರು ಒರತೆಯ ಬಾಯಲ್ಲಿಯೇ ಹೊರಚೆಲ್ಲಿ ಹಳೆಯ ಹಳ್ಳದ ದಾರಿ ಹಿಡಿಯುವಂತೆ ಅಲ್ಲೊಂದು ಕಂಡಿ ಬಿಡಬೇಕು. ಮೇ ತಿಂಗಳಲ್ಲಿ ಕೆಳಗಿನ ಗುಂಡಿಗೆ ನೀರಿಗೆ ಬರುವ ದನಗಳಿಗೂ ಕಡವೆಗಳಿಗೂ ನಲ್ಲಿಗಳಿಲ್ಲ.